ಹಾಲುತೊಂಡೆ ವೈರಸ್ಸಿನ ಒಳದಾರಿ

ಹಾಲುತೊಂಡೆ ರೇಷ್ಮೆಹುಳುವಿಗೆ ಬರುವ ವೈರಸ್ ರೋಗ. ನಾಲ್ಕನೇ ಜ್ವರದಿಂದ, ಅಂದರೆ ಪೊರೆ ಬಿಡುವ ನಿದ್ದೆಯಿಂದ, ಎದ್ದು ಹಗಲಿರುಳೂ ಸೊಪ್ಪು ತಿನ್ನಬೇಕಾದ ಹುಳು ತಿನ್ನುವುದನ್ನು ಬಿಟ್ಟು ಹಾಸಿಗೆಯ ಅಂಚಿಗೆ ಹರಿದಾಡತೊಡಗುತ್ತದೆ. ಮೈಯ ಗಿಣ್ಣುಗಳ ನಡುವೆ ಊದಿಕೊಂಡು ಚರ್ಮ ಬಿಗಿದು ಹೊಳೆಯುತ್ತದೆ. ಸ್ವಲ್ಪ ತಾಗಿದರೂ ಚರ್ಮ ಹರಿದು ಹಾಲಿನಂಥ ದ್ರವ ಸುರಿಯುತ್ತದೆ. ಆ ದ್ರವದ ತುಂಬ ಇರುವುದು ಪಾಲಿಹೆಡ್ರ ಎಂಬ ಪ್ರೋಟೀನ್ ಹರಳುಗಳು. ಒಂದೊಂದು ಹರಳಿನೊಳಗೂ ಹಲವು ವೈರಸ್ ಕಣಗಳು. ಮೆಕ್ಕೆಜೋಳ, ಹತ್ತಿಯ ಜತೆಗೆ ಹಿಪ್ಪುನೇರಳೆಯನ್ನೂ ಬೆಳೆದು ಹುಳು ಸಾಕುವ ಹಾವೇರಿ ಜಿಲ್ಲೆಯ ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ರೈತರಿಗೆ ಈ ರೋಗದ ಗುರುತು ಹೇಳಿಕೊಡಬೇಕಾಗಿಲ್ಲ. ಇನ್ನು ಕೆಲವೇ ದಿನಗಳಲ್ಲಿ ಗೂಡು ಕಟ್ಟಲು ಚಂದ್ರಂಕಿಗೆ ಏರಬೇಕಾದ ಬೆಳೆ ಹುಳುಮನೆಯಲ್ಲೇ ಕರಗಿಹೋಗುವುದು ಇದರಿಂದಲೇ.

ರೋಗಕ್ಕೆ ಕಾರಣವಾದ ವೈರಸ್ಸಿಗೆ ವಿಜ್ಞಾನದಲ್ಲಿ ಬಿಎಂಎನ್‌ಪಿವಿ ಎಂದು ಹೆಸರು. ಅದರ ಡಿಎನ್‌ಎ ಸುಮಾರು 1,28,000 ಅಕ್ಷರಜೋಡಿಗಳಷ್ಟು ಉದ್ದ. ವೈರಸ್ಸುಗಳ ಲೆಕ್ಕದಲ್ಲಿ ಇದು ದೊಡ್ಡ ಗ್ರಂಥವೇ. ಆದರೆ ಹುಳುವೇನೂ ನಿರಾಯುಧವಲ್ಲ. ಕೀಟಗಳಿಗೆ ಮನುಷ್ಯರಂತೆ ಪ್ರತಿಕಾಯಗಳನ್ನು ತಯಾರಿಸುವ ಶಕ್ತಿಯಿಲ್ಲ. ಅದರ ಬದಲು ಅವುಗಳ ಪ್ರತಿಯೊಂದು ಜೀವಕೋಶದಲ್ಲೂ ಆರ್‌ಎನ್‌ಎ ಸೈಲೆನ್ಸಿಂಗ್ ಎಂಬ ಕಾವಲು ವ್ಯವಸ್ಥೆಯಿದೆ. ಅದರಿಂದ ತಪ್ಪಿಸಿಕೊಳ್ಳದೆ ಯಾವ ವೈರಸ್ಸೂ ಹುಳುವಿನ ಮೈತುಂಬ ಹರಡಲಾರದು.

ಈ ಕಾವಲಿನ ಆಧಾರ ಸರಳವಾದದ್ದು. ಜೀವಕೋಶದಲ್ಲಿ ಡಿಎನ್‌ಎಯ ಒಂದು ಭಾಗದಿಂದ ಒಂಟಿ ಎಳೆಯ ಆರ್‌ಎನ್‌ಎ ನಕಲಾಗುತ್ತದೆ, ಆ ಆರ್‌ಎನ್‌ಎಯನ್ನು ಓದಿ ಪ್ರೋಟೀನು ತಯಾರಾಗುತ್ತದೆ. ಉದ್ದನೆಯ ಜೋಡಿ ಎಳೆಯ ಆರ್‌ಎನ್‌ಎ ಆರೋಗ್ಯವಂತ ಕೋಶದಲ್ಲಿ ಕಾಣಸಿಗುವುದು ಅಪರೂಪ. ವೈರಸ್ ತನ್ನ ನಕಲು ತೆಗೆಯುವಾಗ ಮಾತ್ರ ಅದು ಹೇರಳವಾಗಿ ಹುಟ್ಟುತ್ತದೆ. ಹಾಗಾಗಿ ಜೋಡಿ ಎಳೆ ಕಂಡೊಡನೆ ಕೋಶ ಅದನ್ನು ಪರಕೀಯವೆಂದೇ ಎಣಿಸುತ್ತದೆ. ಡೈಸರ್ ಎಂಬ ಕಿಣ್ವ ಆ ಎಳೆಯನ್ನು 20ರಿಂದ 22 ಅಕ್ಷರಗಳ ತುಂಡುಗಳಾಗಿ ಕತ್ತರಿಸುತ್ತದೆ. ಒಂದೊಂದು ತುಂಡನ್ನೂ ಆರ್ಗೊನಾಟ್ ಎಂಬ ಪ್ರೋಟೀನು ಎತ್ತಿಕೊಂಡು, ಎರಡು ಎಳೆಗಳಲ್ಲಿ ಒಂದನ್ನು ಎಸೆದು, ಉಳಿದದ್ದನ್ನು ಹಿಡಿದುಕೊಳ್ಳುತ್ತದೆ. ಆಮೇಲೆ ಕಳ್ಳನ ಫೋಟೊ ಕೈಯಲ್ಲಿ ಹಿಡಿದು ಸಂತೆ ಸುತ್ತುವ ಪೇದೆಯ ಹಾಗೆ ಅದು ಕೋಶದೊಳಗೆ ಸುತ್ತುತ್ತದೆ. ಆ ತುಂಡಿಗೆ ಅಕ್ಷರಕ್ಕೆ ಅಕ್ಷರ ಹೊಂದುವ ಆರ್‌ಎನ್‌ಎ ಎಲ್ಲಿ ಸಿಕ್ಕರೂ ತುಂಡರಿಸಿ ಹಾಕುತ್ತದೆ. ವೈರಸ್ಸಿನ ಸಂದೇಶ ಓದುವ ಮೊದಲೇ ಹರಿದುಹೋಗುತ್ತದೆ.

ಇದರ ಮೊದಲ ಸುಳಿವು ಸಿಕ್ಕಿದ್ದು ಗಿಡಗಳಲ್ಲಿ. 1990ರಲ್ಲಿ ಪೆಟೂನಿಯ ಹೂವಿನ ಬಣ್ಣ ಗಾಢವಾಗಲೆಂದು ಬಣ್ಣದ ಜೀನನ್ನು ಹೆಚ್ಚುವರಿಯಾಗಿ ಸೇರಿಸಿದಾಗ ಕೆಲವು ಗಿಡಗಳಲ್ಲಿ ಹೂವು ಬೆಳ್ಳಗೇ ಅರಳಿತು. 1998ರಲ್ಲಿ ಆಂಡ್ರ್ಯೂ ಫೈರ್ ಮತ್ತು ಕ್ರೇಗ್ ಮೆಲ್ಲೊ ದುಂಡುಹುಳುವಿನಲ್ಲಿ ಪ್ರಯೋಗ ಮಾಡಿ, ಜೀನ್‌ಗಳ ಬಾಯಿ ಕಟ್ಟುವುದು ಜೋಡಿ ಎಳೆಯ ಆರ್‌ಎನ್‌ಎ ಎಂದು ತೋರಿಸಿದರು. 2006ರ ನೊಬೆಲ್ ಅವರಿಗೆ ಬಂತು. ವೈರಸ್ಸುಗಳು ಈ ಕಾವಲನ್ನು ಮುರಿಯಬಲ್ಲವೆಂಬುದೂ ಮೊದಲು ತಿಳಿದದ್ದು ಗಿಡಗಳ ನಂಜಿನಿಂದಲೇ. ಪಪ್ಪಾಯಿಗೆ ಉಂಗುರ ಚುಕ್ಕೆ ತರುವ ನಂಜಿನ ಬಳಗದಲ್ಲಿ ಎಚ್‌ಸಿ-ಪ್ರೊ ಎಂಬ ಪ್ರೋಟೀನಿದೆ. ಅದು ಸೈಲೆನ್ಸಿಂಗನ್ನು ಅಡಗಿಸುತ್ತದೆಂದು 1998ರಲ್ಲಿ ಗೊತ್ತಾಯಿತು. ಪ್ರಾಣಿ ವೈರಸ್ಸುಗಳ ಸರದಿ ಬಂದದ್ದು ಅದಾಗಿ ನಾಲ್ಕು ವರ್ಷಕ್ಕೆ.

2002ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ರಿವರ್‌ಸೈಡ್ ಕ್ಯಾಂಪಸ್ಸಿನಲ್ಲಿ ಶೌ-ವೇ ಡಿಂಗ್ ಮತ್ತು ಸಂಗಡಿಗರು ಫ್ಲಾಕ್ ಹೌಸ್ ವೈರಸ್ ಎಂಬ ಪುಟ್ಟ ವೈರಸ್ಸನ್ನು ಹಣ್ಣುನೊಣದ ಕೋಶಗಳಲ್ಲಿ ಬೆಳೆಸಿ ನೋಡಿದರು. ನ್ಯೂಜಿಲೆಂಡಿನ ಹುಲ್ಲುಗಾವಲಿನ ಗೊಣ್ಣೆಹುಳುವಿನಲ್ಲಿ ಸಿಕ್ಕಿದ್ದ ವೈರಸ್ ಅದು. ಅದರ ಬಿ2 ಎಂಬ ಪ್ರೋಟೀನನ್ನು ತೆಗೆದುಹಾಕಿದರೆ ವೈರಸ್ ಬೆಳೆಯುತ್ತಲೇ ಇರಲಿಲ್ಲ. ಆದರೆ ಕೋಶದ ಆರ್ಗೊನಾಟನ್ನೂ ಕುಂದಿಸಿದಾಗ ಬಿ2 ಇಲ್ಲದ ವೈರಸ್ಸೂ ಬೆಳೆಯಿತು. ಕಾವಲಿಲ್ಲದ ಕಡೆ ಬಿ2ಗೆ ಕೆಲಸವಿಲ್ಲ ಎಂದಾಯಿತು. ಇಷ್ಟು ಚೊಕ್ಕವಾದ ಸಾಕ್ಷ್ಯ ಜೀವಶಾಸ್ತ್ರದಲ್ಲಿ ದಿನವೂ ಸಿಗುವುದಿಲ್ಲ. ಬಿ2 ಪ್ರೋಟೀನುಗಳು ಎರಡೆರಡಾಗಿ ಜತೆಗೂಡಿ ಜೋಡಿ ಎಳೆಯ ಮೈಗೆ ಉದ್ದಕ್ಕೂ ಒರಗಿಕೊಳ್ಳುತ್ತವೆ. ಡೈಸರಿಗೆ ಕತ್ತರಿ ಹಾಕಲು ಜಾಗ ಸಿಗುವುದಿಲ್ಲ, ಈಗಾಗಲೇ ಕತ್ತರಿಸಿದ ತುಂಡುಗಳು ಆರ್ಗೊನಾಟಿನ ಕೈಗೂ ಹೋಗುವುದಿಲ್ಲ.

ಜೋಡಿ ಎಳೆಯನ್ನು ಮುಚ್ಚಿಡುವುದು ಒಂದು ದಾರಿಯಷ್ಟೆ. ಚಿಮ್ಮಂಡೆ ಜಾತಿಯ ಕೀಟಗಳನ್ನು ಕಾಡುವ ಒಂದು ವೈರಸ್ ಜೋಡಿ ಎಳೆಯ ಗೋಜಿಗೇ ಹೋಗದೆ ನೇರವಾಗಿ ಆರ್ಗೊನಾಟಿಗೆ ಅಂಟಿಕೊಂಡು ಅದನ್ನು ನಿಷ್ಕ್ರಿಯಗೊಳಿಸುತ್ತದೆ. ಪತಂಗದ ಹುಳುಗಳಿಗೆ ತಗಲುವ ಆಸ್ಕೊವೈರಸ್ಸಿನಲ್ಲಿ ಚಿಕ್ಕ ತುಂಡುಗಳನ್ನು ಮತ್ತೂ ಚಿಂದಿ ಮಾಡುವ ಕಿಣ್ವವಿದೆ. ಹಣ್ಣುನೊಣಗಳಲ್ಲಿ ನೆಲೆಸುವ ನೋರಾ ವೈರಸ್ಸಿನ ಕಥೆ ಇನ್ನೂ ಸ್ವಾರಸ್ಯದ್ದು: ಒಂದು ಜಾತಿಯ ನೊಣದ ನೋರಾ ವೈರಸ್ ತನ್ನ ನೊಣದ ಆರ್ಗೊನಾಟನ್ನು ಕಟ್ಟಿಹಾಕಬಲ್ಲದು, ಇನ್ನೊಂದು ಜಾತಿಯ ನೊಣದ ಆರ್ಗೊನಾಟಿನ ಮುಂದೆ ಅದರ ಆಟ ನಡೆಯುವುದಿಲ್ಲ. ಹಣ್ಣುನೊಣದ ಜೀನ್‌ಗಳಲ್ಲಿ ಅತಿ ವೇಗವಾಗಿ ಬದಲಾಗುತ್ತ ಬಂದವುಗಳ ಸಾಲಿನಲ್ಲಿ ಡೈಸರ್, ಆರ್ಗೊನಾಟ್ ಜೀನ್‌ಗಳೂ ಇರುವುದು ಇದಕ್ಕೇ. ವೈರಸ್ ಹಿಡಿಯುವ ಜಾಗವನ್ನು ಆತಿಥೇಯ ಜೀವಿ ಬದಲಿಸುತ್ತ ಹೋಗುತ್ತದೆ, ವೈರಸ್ ಬೆನ್ನು ಬಿಡುವುದಿಲ್ಲ.

ಹಾಲುತೊಂಡೆ ವೈರಸ್ಸಿನದು ಡಿಎನ್‌ಎ. ಆರ್‌ಎನ್‌ಎಯನ್ನು ಹುಡುಕುವ ಕಾವಲು ಅದಕ್ಕೇನು ಮಾಡೀತು ಎಂಬ ಪ್ರಶ್ನೆ ಸಹಜ. ಈ ವೈರಸ್ಸಿನ ಜೀನ್‌ಗಳು ಒತ್ತೊತ್ತಾಗಿ, ಕೆಲವು ಎಡಮುಖವಾಗಿ ಕೆಲವು ಬಲಮುಖವಾಗಿ ಕೂತಿರುತ್ತವೆ. ಎರಡೂ ಕಡೆಯಿಂದ ಆರ್‌ಎನ್‌ಎ ನಕಲಾಗುತ್ತ ಬಂದಾಗ ನಡುವೆ ಒಂದರ ಮೇಲೊಂದು ಬೀಳುವ ಭಾಗಗಳು ಜೋಡಿಯಾಗುತ್ತವೆ. ಡೈಸರಿಗೆ ಅಷ್ಟು ಸಾಕು. ಇದೇ ಬಳಗದ ವೈರಸ್ ತಗಲಿದ ಕಾಯಿಕೊರಕ ಹುಳುವಿನಲ್ಲಿ ವೈರಸ್ಸಿನದೇ ಚಿಕ್ಕ ತುಂಡುಗಳು ಸಿಕ್ಕಿವೆ. ಹೀಗೆ ಸಿಕ್ಕಿಬೀಳುವ ಅಪಾಯ ಇರುವುದರಿಂದಲೇ ಈ ವೈರಸ್ಸುಗಳಿಗೂ ಪ್ರತಿತಂತ್ರ ಬೇಕಾಯಿತು. ಅವುಗಳಲ್ಲಿರುವ ಪಿ35 ಎಂಬ ಪ್ರೋಟೀನು, ಸೋಂಕು ತಗಲಿದ ಕೋಶ ಆತ್ಮಹತ್ಯೆ ಮಾಡಿಕೊಳ್ಳದಂತೆ ತಡೆಯುತ್ತದೆಂದು 1991ರಿಂದಲೇ ಗೊತ್ತಿತ್ತು. ಅದೇ ಪಿ35 ಸೈಲೆನ್ಸಿಂಗನ್ನೂ ಅಡಗಿಸಬಲ್ಲದೆಂದು 2015ರಲ್ಲಿ ಹಾಲುತೊಂಡೆಯ ಹತ್ತಿರದ ಸಂಬಂಧಿ ವೈರಸ್ಸೊಂದರಲ್ಲಿ ಕಂಡುಬಂತು.

ರೇಷ್ಮೆಹುಳುವಿನ ವಿಷಯದಲ್ಲಿ ಎಲ್ಲಕ್ಕಿಂತ ಚತುರವಾದ ತಂತ್ರ ಹೊರಬಿದ್ದದ್ದು ಹೈದರಾಬಾದಿನಲ್ಲಿ. ಅಲ್ಲಿನ ಸಿಡಿಎಫ್‌ಡಿ ಎಂಬ ಕೇಂದ್ರ ಸರ್ಕಾರದ ಸಂಸ್ಥೆಯಲ್ಲಿ ಜೆ. ನಾಗರಾಜು ಅವರು ನಡೆಸುತ್ತಿದ್ದ ಪ್ರಯೋಗಾಲಯ ರೇಷ್ಮೆಹುಳುವಿನ ಜೀನ್‌ಗಳ ಅಧ್ಯಯನಕ್ಕೆ ಹೆಸರಾಗಿತ್ತು. ಅವರ ತಂಡ 2010ರಲ್ಲಿ ಹಾಲುತೊಂಡೆ ವೈರಸ್ಸೇ ತಯಾರಿಸುವ ನಾಲ್ಕು ಮೈಕ್ರೊ ಆರ್‌ಎನ್‌ಎಗಳನ್ನು ಗುರುತಿಸಿತು.

ಮೈಕ್ರೊ ಆರ್‌ಎನ್‌ಎ ಎಂದರೆ ಸೈಲೆನ್ಸಿಂಗಿನ ಇನ್ನೊಂದು ಶಾಖೆ. ಇಲ್ಲಿ ಚಿಕ್ಕ ಆರ್‌ಎನ್‌ಎ ಬರುವುದು ಪರಕೀಯ ಎಳೆಯಿಂದಲ್ಲ, ಕೋಶದ ಸ್ವಂತ ಜೀನ್‌ಗಳಿಂದ. ಕೋಶಕೇಂದ್ರದಲ್ಲಿ ಕೂದಲಿನ ಪಿನ್ನಿನಂತೆ ಮಡಚಿಕೊಂಡ ಆರ್‌ಎನ್‌ಎಯಾಗಿ ಹುಟ್ಟಿ, ಎಕ್ಸ್‌ಪೋರ್ಟಿನ್-5 ಎಂಬ ಪ್ರೋಟೀನಿನ ಮೇಲೇರಿ ಹೊರಗಿನ ಕೋಶದ್ರವಕ್ಕೆ ಬಂದು, ಅಲ್ಲಿ ಡೈಸರಿನಿಂದ ಕತ್ತರಿಸಿಕೊಂಡು ಆರ್ಗೊನಾಟಿಗೆ ಸೇರುತ್ತದೆ. ಯಾವ ಜೀನ್ ಎಷ್ಟು ಮಾತಾಡಬೇಕು ಎಂಬುದರ ಹತೋಟಿ ಹೆಚ್ಚಾಗಿ ಇವುಗಳದ್ದು. ಇದನ್ನು ಮೊದಲು ಕಂಡುಹಿಡಿದ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರುವ್ಕುನ್ ಅವರಿಗೆ 2024ರ ನೊಬೆಲ್ ಸಂದಿದೆ. (ಚಿಕ್ಕ ಆರ್‌ಎನ್‌ಎಗಳ ಅಧಿಕಾರ ರೇಷ್ಮೆಹುಳುವಿನಲ್ಲಿ ಎಷ್ಟಿದೆಯೆಂದರೆ, ಹುಳು ಹೆಣ್ಣಾಗಬೇಕೆಂದು ತೀರ್ಮಾನಿಸುವುದೂ ಇನ್ನೊಂದು ಬಗೆಯ ಚಿಕ್ಕ ಆರ್‌ಎನ್‌ಎ, 2014ರಲ್ಲಿ ಜಪಾನಿನ ವಿಜ್ಞಾನಿಗಳು ಇದನ್ನು ತೋರಿಸಿದರು.)

ಕೋಶಕೇಂದ್ರದ ಬಾಗಿಲು ದಾಟಲು ಎಕ್ಸ್‌ಪೋರ್ಟಿನ್ ಒಂದೇ ಸಾಲದು. ರಾನ್ ಎಂಬ ಸಹಾಯಕ ಪ್ರೋಟೀನು ಜತೆಗಿರಲೇಬೇಕು. ಹಾಲುತೊಂಡೆ ವೈರಸ್ಸಿನ ಮೊದಲ ಮೈಕ್ರೊ ಆರ್‌ಎನ್‌ಎ ಗುರಿಯಿಡುವುದು ಈ ರಾನ್ ಪ್ರೋಟೀನಿನ ಸಂದೇಶಕ್ಕೆ. 2012ರಲ್ಲಿ ನಾಗರಾಜು ಅವರ ತಂಡ ಪ್ರಕಟಿಸಿದ ಕೆಲಸದ ತಿರುಳು ಇದು. ರಾನ್ ಕಡಿಮೆಯಾಗುತ್ತದೆ, ಹುಳುವಿನ ಮೈಕ್ರೊ ಆರ್‌ಎನ್‌ಎಗಳು ಕೋಶಕೇಂದ್ರದಿಂದ ಹೊರಬರುವುದು ತಗ್ಗುತ್ತದೆ, ಅವುಗಳಲ್ಲಿ ವೈರಸ್ಸನ್ನೇ ಹದ್ದುಬಸ್ತಿನಲ್ಲಿಡುತ್ತಿದ್ದವೂ ಕುಗ್ಗುತ್ತವೆ. ಉದಾಹರಣೆಗೆ ಹುಳುವಿನ ಮಿರ್-8 ಎಂಬ ಮೈಕ್ರೊ ಆರ್‌ಎನ್‌ಎ ವೈರಸ್ಸಿನ ಐಇ-1 ಜೀನನ್ನು ತಡೆಯುತ್ತದೆ. ಸೋಂಕಿನ ಮೊದಮೊದಲೇ ಚುರುಕಾಗಿ, ವೈರಸ್ಸಿನ ಉಳಿದ ಜೀನ್‌ಗಳನ್ನೆಲ್ಲ ಎಬ್ಬಿಸುವುದು ಈ ಐಇ-1. ಮಿರ್-8ನ್ನು ಬೇಕೆಂದೇ ಕಟ್ಟಿಹಾಕಿದಾಗ ಹುಳುಗಳಲ್ಲಿ ವೈರಸ್ಸಿನ ಪ್ರಮಾಣ ಹಲವು ಪಟ್ಟು ಏರಿತು.

ಇಲ್ಲಿ ಗಮನಿಸಬೇಕಾದ್ದೊಂದಿದೆ. ಫ್ಲಾಕ್ ಹೌಸ್ ವೈರಸ್ ಕಾವಲಿಗೆ ಎದುರಾಗಿ ಪ್ರೋಟೀನೊಂದನ್ನು ನಿಲ್ಲಿಸಿತು. ಹಾಲುತೊಂಡೆ ವೈರಸ್ ಕಾವಲಿನ ಆಯುಧವನ್ನೇ ಎತ್ತಿಕೊಂಡು ಕಾವಲಿನ ಮೇಲೆ ತಿರುಗಿಸಿತು. ಚಿಕ್ಕ ಆರ್‌ಎನ್‌ಎಗೆ ಬೇಕಾಗುವ ಜಾಗ ಅತ್ಯಲ್ಪ, ಅದರಿಂದ ಪರಕೀಯ ಪ್ರೋಟೀನಿನ ಸುಳಿವೂ ಸಿಗದು. ಅದೇ ತಂಡ 2014ರಲ್ಲಿ ವಿವರಿಸಿದ ಇನ್ನೊಂದು ವೈರಸ್ ಮೈಕ್ರೊ ಆರ್‌ಎನ್‌ಎ ಹುಳುವಿನ ಜೀನನ್ನು ಮುಟ್ಟುವುದೇ ಇಲ್ಲ; ವೈರಸ್ಸಿನದೇ ತಡವಾಗಿ ಚುರುಕಾಗುವ ಜೀನ್‌ಗಳನ್ನು ಮೊದಲ ಘಟ್ಟದಲ್ಲಿ ತಡೆಹಿಡಿಯುತ್ತದೆ. ಹುಳುವಿನ ಕಾವಲು ಎಚ್ಚರಗೊಳ್ಳುವ ಮುನ್ನ ಸದ್ದು ಮಾಡದಿರುವುದೂ ತಪ್ಪಿಸಿಕೊಳ್ಳುವ ದಾರಿಯೇ.

ಇಷ್ಟೆಲ್ಲ ಏರ್ಪಾಟಿನ ಕೊನೆಗೆ ಹುಳು ಸಾಯುತ್ತದೆ, ಮತ್ತು ಈ ವೈರಸ್ಸಿಗೆ ಬೇಕಾದ್ದು ಅದೇ. ಹುಳುವಿನ ಒಳಗಿನ ಅಂಗಾಂಶವನ್ನೂ ಚರ್ಮವನ್ನೂ ಕರಗಿಸುವ ಕಿಣ್ವಗಳು ಅದರಲ್ಲೇ ಇವೆ. ರೋಗದ ಹುಳು ಅಂಚಿನತ್ತ ಅಲೆಯುವುದೂ ತನ್ನಿಷ್ಟದಿಂದಲ್ಲ. ಆ ಅಲೆದಾಟಕ್ಕೆ ವೈರಸ್ಸಿನ ಒಂದು ಜೀನ್ ಕಾರಣವೆಂದು ಜಪಾನ್ ಮತ್ತು ಅಮೆರಿಕದ ವಿಜ್ಞಾನಿಗಳು 2005ರಲ್ಲಿ ತೋರಿಸಿದ್ದಾರೆ. ಅಲೆದ ಹುಳು ಎಲ್ಲೋ ಒಡೆದು, ಸೊಪ್ಪಿನ ಮೇಲೆ ಪಾಲಿಹೆಡ್ರ ಸುರಿದು, ಆ ಸೊಪ್ಪನ್ನು ಇನ್ನೊಂದು ಹುಳು ತಿಂದರೆ ವೈರಸ್ಸಿನ ಸಂಸಾರ ಮುಂದುವರಿಯಿತು. ಕಾವಲನ್ನು ಎಷ್ಟರ ಮಟ್ಟಿಗೆ ಮುರಿಯಬೇಕು ಎಂಬುದು ವೈರಸ್ ಮುಂದಿನ ಆತಿಥೇಯವನ್ನು ಹೇಗೆ ತಲುಪುತ್ತದೆ ಎಂಬುದಕ್ಕೆ ಅಂಟಿಕೊಂಡಿದೆ.

ಡೆಂಗಿ ವೈರಸ್ಸಿನ ಕಷ್ಟ ಇದಕ್ಕೆ ತದ್ವಿರುದ್ಧ. ಅದು ಮನುಷ್ಯನಿಂದ ಮನುಷ್ಯನಿಗೆ ಹೋಗಬೇಕಾದರೆ ಈಡಿಸ್ ಸೊಳ್ಳೆ ಬದುಕಿರಬೇಕು, ಹಾರಬೇಕು, ಮತ್ತೆ ಕಚ್ಚಬೇಕು. 2024ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಸರ್ಕಾರ ಸಾಂಕ್ರಾಮಿಕ ರೋಗವೆಂದು ಘೋಷಿಸಿದ ಡೆಂಗಿಯನ್ನು ಹರಡುವ ಈ ಸೊಳ್ಳೆಗೆ ವೈರಸ್ಸಿನಿಂದ ಹೇಳಿಕೊಳ್ಳುವಂಥ ಕಾಯಿಲೆಯೇನೂ ಆಗುವುದಿಲ್ಲ. ಅದಕ್ಕೆ ದೊಡ್ಡ ಕಾರಣ ಆರ್‌ಎನ್‌ಎ ಸೈಲೆನ್ಸಿಂಗ್. ಸೊಳ್ಳೆಯ ಡೈಸರನ್ನು ಕುಂದಿಸಿದರೆ ಅದರ ಮೈಯಲ್ಲಿ ಡೆಂಗಿ ವೈರಸ್ ಏರುತ್ತದೆ. ಹಾಗಾದರೆ ಬಿ2ನಂಥ ಬಲವಾದ ಪ್ರೋಟೀನಿದ್ದರೆ ವೈರಸ್ಸಿಗೆ ಲಾಭವಲ್ಲವೇ? 2008-09ರ ಹೊತ್ತಿಗೆ ಅಮೆರಿಕದ ಪ್ರಯೋಗಾಲಯಗಳು ಅದನ್ನೂ ಮಾಡಿ ನೋಡಿದವು. ಸೊಳ್ಳೆಯಿಂದ ಹರಡುವ ಸಿಂಡ್ಬಿಸ್ ಎಂಬ ವೈರಸ್ಸಿಗೆ ಫ್ಲಾಕ್ ಹೌಸ್ ವೈರಸ್ಸಿನ ಬಿ2 ಜೋಡಿಸಿ ಸೊಳ್ಳೆಗಳಿಗೆ ಕೊಟ್ಟಾಗ ವೈರಸ್ ಮಿತಿಮೀರಿ ಬೆಳೆಯಿತು, ಸೊಳ್ಳೆಗಳು ಸತ್ತವು. ಸವಾರಿಯನ್ನೇ ಕೊಂದುಕೊಂಡ ವೈರಸ್ ಎಲ್ಲಿಗೂ ತಲುಪಲಾರದು.

ಆದ್ದರಿಂದ ಡೆಂಗಿ ಬಳಗದ ವೈರಸ್ಸುಗಳು ಕಾವಲನ್ನು ಒಡೆಯುವುದಿಲ್ಲ, ಅದಕ್ಕೆ ಹುಸಿ ಕೆಲಸ ಹಚ್ಚುತ್ತವೆ. ಜೀವಕೋಶದಲ್ಲಿ ಬೇಡದ ಆರ್‌ಎನ್‌ಎಯನ್ನು ಒಂದು ತುದಿಯಿಂದ ಮೆದ್ದುಹಾಕುವ ಕಿಣ್ವವಿದೆ. ಅದು ಈ ವೈರಸ್ಸುಗಳ ಆರ್‌ಎನ್‌ಎಯನ್ನು ತಿನ್ನುತ್ತ ಹೋಗಿ ಬಾಲದ ಹತ್ತಿರ ಬಿಗಿಯಾದ ಗಂಟಿಗೆ ತಾಗಿ ನಿಂತುಬಿಡುತ್ತದೆ. ಉಳಿದ ಕೆಲವು ನೂರು ಅಕ್ಷರಗಳ ತುಣುಕು ಕೋಶದಲ್ಲಿ ರಾಶಿಯಾಗುತ್ತದೆ. ಡೈಸರ್ ಈ ತುಣುಕುಗಳ ಹಿಂದೆ ಬಿದ್ದು, ವೈರಸ್ಸಿನ ಪೂರ್ತಿ ಆರ್‌ಎನ್‌ಎಯತ್ತ ಗಮನ ಕಡಿಮೆಯಾಗುತ್ತದೆ. ವೈರಸ್ ಬೆಳೆಯುವಷ್ಟು ಬಿಡುವು, ಸೊಳ್ಳೆ ಉಳಿಯುವಷ್ಟು ಹತೋಟಿ. ಉಣ್ಣೆಯಿಂದ ಹರಡುವ ಮಿದುಳುಜ್ವರದ ವೈರಸ್ಸುಗಳಲ್ಲೂ ಇದೇ ಬಾಲದ ತುಣುಕು ಉಣ್ಣೆಯ ಕೋಶಗಳ ಸೈಲೆನ್ಸಿಂಗನ್ನು ತಗ್ಗಿಸುತ್ತದೆ. ಹಾನಗಲ್, ಹಿರೇಕೆರೂರಿನ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಪತ್ತೆಯಾದ ಮಂಗನ ಕಾಯಿಲೆಯ ವೈರಸ್ ಈ ಬಳಗಕ್ಕೇ ಸೇರಿದ್ದು.

ಮನುಷ್ಯ, ದನ, ಮಂಗಗಳ ಮೈಯಲ್ಲಿ ಕಥೆ ಬೇರೆ. ಸಸ್ತನಿಗಳ ಕೋಶ ಉದ್ದನೆಯ ಜೋಡಿ ಎಳೆ ಕಂಡರೆ ಮುಖ್ಯವಾಗಿ ಇಂಟರ್‌ಫೆರಾನ್ ಎಂಬ ಎಚ್ಚರಿಕೆಯ ಪ್ರೋಟೀನು ಹೊರಡಿಸುತ್ತದೆ, ಅಕ್ಕಪಕ್ಕದ ಕೋಶಗಳೂ ಬಾಗಿಲು ಮುಚ್ಚಿಕೊಳ್ಳುತ್ತವೆ. ಅಂಥಲ್ಲಿ ಸೈಲೆನ್ಸಿಂಗಿಗೆ ವೈರಸ್ ವಿರುದ್ಧ ಎಷ್ಟು ಪಾತ್ರವಿದೆ ಎಂಬ ವಾದ ಇನ್ನೂ ಮುಗಿದಿಲ್ಲ. 2013ರಲ್ಲಿ ಇಲಿಮರಿಗಳಲ್ಲೂ ಇಲಿಯ ಭ್ರೂಣಕೋಶಗಳಲ್ಲೂ ಅದು ಕೆಲಸ ಮಾಡುತ್ತದೆಂದು ತೋರಿಸಿದ ಎರಡು ಅಧ್ಯಯನಗಳು ಬಂದವು. ಬೆಳೆದ ಪ್ರಾಣಿಯ ಸಾಮಾನ್ಯ ಕೋಶಗಳಲ್ಲಿ ಅದರ ಪಾತ್ರ ಅಷ್ಟಿಲ್ಲ ಎನ್ನುವವರೂ ಇದ್ದಾರೆ. ಆದರೆ ಇನ್‌ಫ್ಲುಯೆಂಜಾ, ಎಬೋಲಾ ವೈರಸ್ಸುಗಳಲ್ಲಿ ಜೋಡಿ ಎಳೆಗೆ ಅಂಟಿಕೊಳ್ಳುವ ಪ್ರೋಟೀನುಗಳಿವೆ, ಮತ್ತು ಒಂದೇ ಏಟಿಗೆ ಅವು ಇಂಟರ್‌ಫೆರಾನನ್ನೂ ಸೈಲೆನ್ಸಿಂಗನ್ನೂ ತಡೆಯಬಲ್ಲವು. ಅಡೆನೊವೈರಸ್ ಇನ್ನೊಂದು ರೀತಿ ಮಾಡುತ್ತದೆ: ತನ್ನದೇ ಚಿಕ್ಕ ಆರ್‌ಎನ್‌ಎಯನ್ನು ಅಪಾರವಾಗಿ ತಯಾರಿಸಿ ಎಕ್ಸ್‌ಪೋರ್ಟಿನ್-5ರ ದಾರಿಯಲ್ಲಿ ನೂಕುನುಗ್ಗಲು ಎಬ್ಬಿಸುತ್ತದೆ. ಹಾಲುತೊಂಡೆ ವೈರಸ್ ರಾನ್ ಕಡಿಮೆ ಮಾಡಿ ಮುಚ್ಚಿದ ಬಾಗಿಲನ್ನೇ ಇದು ಜನಜಂಗುಳಿಯಿಂದ ಮುಚ್ಚುತ್ತದೆ. ಡೆಂಗಿ ವೈರಸ್ಸಿನ ಎನ್‌ಎಸ್4ಬಿ ಪ್ರೋಟೀನಿಗೂ ಈ ಕಾವಲನ್ನು ಅಡಗಿಸುವ ಗುಣವಿದೆಯೆಂದು 2013ರಲ್ಲಿ, ಚಿಕೂನ್‌ಗುನ್ಯದ ಎರಡು ಪ್ರೋಟೀನುಗಳಿಗೂ ಇದೆಯೆಂದು 2016ರಲ್ಲಿ ದೆಹಲಿಯ ಐಸಿಜಿಇಬಿ ವಿಜ್ಞಾನಿಗಳು ವರದಿ ಮಾಡಿದರು.

2022ರಲ್ಲಿ ರಾಜ್ಯದ ದನಗಳನ್ನು, ಹಾವೇರಿ ಜಿಲ್ಲೆಯವನ್ನೂ ಸೇರಿಸಿ, ಹಣ್ಣುಗಾಯಿ ಮಾಡಿದ ಚರ್ಮಗಂಟು ರೋಗದ ವೈರಸ್ ಸಿಡುಬಿನ ಬಳಗದ್ದು. ಆ ಬಳಗದಲ್ಲಿ ಹೆಚ್ಚು ಅಧ್ಯಯನವಾಗಿರುವ ವ್ಯಾಕ್ಸೀನಿಯ ವೈರಸ್ ಕೋಶದ ಮೈಕ್ರೊ ಆರ್‌ಎನ್‌ಎಗಳಿಗೆ ಅಕ್ಷರಗಳ ಬಾಲ ಜೋಡಿಸಿ ಅವು ನಾಶವಾಗುವಂತೆ ಮಾಡುತ್ತದೆ.

ವೈರಸ್ಸುಗಳ ಈ ಜಾಣ್ಮೆಯ ಎದುರು ರೇಷ್ಮೆಹುಳುವಿನ ಕೈಗೆ ಇನ್ನೂ ಹರಿತವಾದ ಅಸ್ತ್ರ ಕೊಡಬಹುದೇ ಎಂಬ ಯೋಚನೆ ಬಂತು. ಜೋಡಿ ಎಳೆಯ ಆರ್‌ಎನ್‌ಎಯನ್ನು ಸೊಪ್ಪಿಗೆ ಸವರಿ ತಿನ್ನಿಸಿದರೆ ಸಾಲದು. ಪತಂಗಗಳ ಜಾತಿಯ ಹುಳುಗಳ ಕರುಳಿನಲ್ಲಿ ಅದು ಬೇಗ ಚೂರುಚೂರಾಗುತ್ತದೆ. ಆದ್ದರಿಂದ ಸಿಡಿಎಫ್‌ಡಿ ತಂಡ ಹುಳುವಿನ ಡಿಎನ್‌ಎಯಲ್ಲೇ ವೈರಸ್ಸಿನ ಜೋಡಿ ಎಳೆ ತಯಾರಿಸುವ ಜೀನನ್ನು ಸೇರಿಸಿತು. 2007ರಲ್ಲಿ ಗುರಿ ಐಇ-1 ಒಂದೇ. ಒಂದೇ ಜೀನಿಗೆ ಗುರಿಯಿಟ್ಟರೆ ವೈರಸ್ ಅಲ್ಲಿನ ಅಕ್ಷರ ಬದಲಿಸಿಕೊಂಡು ನುಸುಳುವ ಭಯವಿರುತ್ತದೆ. 2013ರಲ್ಲಿ ಪ್ರಕಟವಾದ ಕೆಲಸದಲ್ಲಿ ವೈರಸ್ಸಿಗೆ ಅಗತ್ಯವಾದ ಹಲವು ಜೀನ್‌ಗಳಿಗೆ ಒಟ್ಟಿಗೇ ಗುರಿಯಿಡಲಾಯಿತು, ಹುಳುಗಳ ರೋಗನಿರೋಧಕ ಶಕ್ತಿ ಗಣನೀಯವಾಗಿ ಹೆಚ್ಚಿತು, ಆ ಗುಣವನ್ನು ಸಾಕಣೆಯ ತಳಿಗೂ ದಾಟಿಸಲಾಯಿತು. ಅಷ್ಟರಲ್ಲಿ, 2012ರ ಕೊನೆಯಲ್ಲಿ, ನಾಗರಾಜು ತೀರಿಕೊಂಡಿದ್ದರು. ಇಂಥ ಹುಳುಗಳ ವಿಷಯದಲ್ಲಿ ಎಚ್ಚರಿಕೆಯೂ ಬೇಕು: ಅಮೆರಿಕದಲ್ಲಿ ಇದೇ ರೀತಿ ಡೆಂಗಿ ತಡೆಯುವಂತೆ ಮಾಡಿದ ಈಡಿಸ್ ಸೊಳ್ಳೆಯ ಒಂದು ತಳಿ ಹದಿನೇಳು ತಲೆಮಾರಿನ ಹೊತ್ತಿಗೆ ಆ ಗುಣವನ್ನು ಕಳೆದುಕೊಂಡಿತ್ತು, ಸೇರಿಸಿದ ಜೀನ್ ಮಾತ್ರ ಅಲ್ಲೇ ಇತ್ತು.

ಯಾವ ಬಗೆಯ ಸೈಲೆನ್ಸಿಂಗೂ ಮುಟ್ಟಲಾಗದ ಒಂದು ಘಟ್ಟ ಹಾಲುತೊಂಡೆ ವೈರಸ್ಸಿಗಿದೆ. ಪಾಲಿಹೆಡ್ರ ಹರಳಿನೊಳಗೆ ಅದು ಆರ್‌ಎನ್‌ಎ ತಯಾರಿಸುವುದಿಲ್ಲ. ಡೈಸರಿಗೆ ಕತ್ತರಿಸಲು ಅಲ್ಲಿ ಏನೂ ಇಲ್ಲ. ಹುಳುಮನೆಯ ನೆಲ, ತಟ್ಟೆ, ಚಂದ್ರಂಕಿಯ ಸಂದಿಗಳ ದೂಳಿನಲ್ಲಿ ಹರಳು ಬಹುಕಾಲ ಕೆಡದೆ ಕೂತಿರಬಲ್ಲದು. ಹುಳುವಿನ ಕರುಳಿನ ಕ್ಷಾರೀಯ ರಸ ತಾಗಿದಾಗ ಮಾತ್ರ ಕರಗಿ ವೈರಸ್ಸನ್ನು ಬಿಡುಗಡೆ ಮಾಡುತ್ತದೆ. ಆದಕಾರಣ ಸೋಂಕು ನಿವಾರಣೆಯಲ್ಲೂ ಕ್ಷಾರದ ಪಾಲಿದೆ. ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನೆ ಮತ್ತು ತರಬೇತಿ ಸಂಸ್ಥೆಯ ಶಿಫಾರಸಿನಲ್ಲಿ ಶೇ 0.3ರ ಸುಣ್ಣದ ತಿಳಿನೀರಿನಲ್ಲಿ ಶೇ 2ರ ಬ್ಲೀಚಿಂಗ್ ಪುಡಿ ಕಲಸಿ ಹುಳುಮನೆಗೂ ಸಲಕರಣೆಗಳಿಗೂ ಸಿಂಪಡಿಸುವುದು ಸೇರಿದೆ. ಹಾಸಿಗೆಗೆ ವಿಜೇತ ಎಂಬ ಸೋಂಕುನಿವಾರಕ ಪುಡಿ ಉದುರಿಸುವುದು ಅದಕ್ಕೆ ಹೊರತಾದದ್ದು. ರೋಗದ ಹುಳುವನ್ನು ಚರ್ಮ ಒಡೆಯುವ ಮುನ್ನವೇ ಆರಿಸಿ, ಸುಣ್ಣ ಮತ್ತು ಬ್ಲೀಚಿಂಗ್ ಪುಡಿ ಇರುವ ಪಾತ್ರೆಗೆ ಹಾಕಿ, ಆಮೇಲೆ ಸುಡಬೇಕು ಇಲ್ಲವೇ ಹೂಳಬೇಕು. ತಿಪ್ಪೆಗೆ ಎಸೆದರೆ ಆ ಗೊಬ್ಬರದ ಜತೆಗೆ ಹರಳು ಹಿಪ್ಪುನೇರಳೆ ತೋಟಕ್ಕೇ ವಾಪಸು ಬರುತ್ತದೆ.